ಒಳ್ಳೆಮೆಣಸು ಮತ್ತು ಪ್ಯಾಡ್ ಥಾಯ್

ಥಾಯ್ ಭಾಷೆಯಲ್ಲಿ ‘ಪ್ರಿಕ್’ ಎಂದರೆ ಇಂದು ಮೆಣಸಿನಕಾಯಿ. ಕಾಳುಮೆಣಸಿಗೆ ಅಲ್ಲಿ ‘ಪ್ರಿಕ್ ಥಾಯ್’, ಅಂದರೆ ಥಾಯ್ ಮೆಣಸು ಎಂಬ ಹೆಸರು. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಕಡಲು ದಾಟಿ ಬಂದು ಹಳೆಯ ಹೆಸರನ್ನೇ ಆಕ್ರಮಿಸಿತು. ಹೆಸರು ಕಳೆದುಕೊಂಡ ಹಳೆಯ ವಸ್ತುವಿಗೆ ವಿಶೇಷಣವೊಂದು ಬೇಕಾಯಿತು. ಕನ್ನಡದಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ. ಬರಿಯ ‘ಮೆಣಸು’ ಸಾಕಾಗಿದ್ದಲ್ಲಿ ಕರಿಮೆಣಸು, ಕಾಳುಮೆಣಸು ಎನ್ನಬೇಕಾಯಿತು. ಕರಾವಳಿಯವರು ಅದನ್ನು ಒಳ್ಳೆಮೆಣಸು ಎನ್ನುತ್ತಾರೆ, ತುಳುವಿನಲ್ಲಿ ಎಡ್ಡೆಮುಂಚಿ. ಬಂದವನು ಮನೆಯ ಯಜಮಾನನಾದಾಗ ಹಳೆಯ ಯಜಮಾನನಿಗೆ ಸಿಕ್ಕಿದ ಸಮಾಧಾನದ ಬಿರುದಿನಂತಿದೆ ಈ ‘ಒಳ್ಳೆ’. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದ ಹೊತ್ತಿಗೆ ಕನ್ನಡದ ಅಡುಗೆಮನೆಗೆ ಮೆಣಸಿನಕಾಯಿಯ ಪರಿಚಯವಿರಲಿಲ್ಲ.

ಕುತೂಹಲದ ಸಂಗತಿಯೆಂದರೆ, ಅಲ್ಲಿ ಹಳೆಯದನ್ನು ಗುರುತಿಸುವ ‘ಥಾಯ್’ ಎಂಬ ಈ ವಿಶೇಷಣವೇ ‘ಪ್ಯಾಡ್ ಥಾಯ್’ ಎಂಬಲ್ಲಿ ತೀರ ಹೊಸದೊಂದಕ್ಕೆ ಅಂಟಿಕೊಂಡಿದೆ. 1938ರಲ್ಲಿ ಪ್ರಧಾನಿಯಾದ ಪಿಬುನ್ ಸೊಂಗ್‌ಕ್ರಾಮ್ ಮರುವರ್ಷವೇ ಸಯಾಮಿನ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದನು. ಯುದ್ಧಕಾಲದಲ್ಲಿ ಜನರು ನೂಡಲ್ಸ್ ತಿನ್ನಬೇಕೆಂದು ಅವನ ಸರ್ಕಾರವೇ ಪ್ರಚಾರ ಮಾಡಿತು. ಪ್ಯಾಡ್ ಥಾಯ್ ದೇಶದ ಭಕ್ಷ್ಯವಾಗಿ ಮೇಲೆದ್ದದ್ದು ಆ ದಿನಗಳಲ್ಲಿ. ಅದರ ಪೂರ್ಣನಾಮದಲ್ಲಿರುವ ‘ಕ್ವೈ ಟಿಯಾವ್’ ಚೀನೀ ವಲಸಿಗರ ಪದ. ಅಕ್ಕಿಯ ನೂಡಲ್ಸೂ ಬಾಣಲೆಯಲ್ಲಿ ಬಾಡಿಸುವ ಕ್ರಮವೂ ಅವರವೇ. ಹುಣಿಸೆಯ ಮೂಲ ಆಫ್ರಿಕ, ನೆಲಗಡಲೆಯದು ದಕ್ಷಿಣ ಅಮೆರಿಕ. ಎಲ್ಲವೂ ಸ್ವಂತದ್ದಾಗಿದ್ದರೆ ಹೆಸರಿನಲ್ಲಿ ದೇಶವನ್ನು ಸಾರುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಬೆಂಗಳೂರಿನ ಒಂದು ಮನೆಯಲ್ಲಿ ಈ ಭಕ್ಷ್ಯ ತಯಾರಾದ ಸಂಜೆ ‘ಥಾಯ್’ ಎಂಬ ಮಾತು ಇನ್ನೊಂದು ಪರೀಕ್ಷೆಗೆ ಒಳಗಾಯಿತು. ಮನೆಯ ಹಿರಿಯಳು ಮೂಡುಬಿದಿರೆಯ ಕಡೆಯವಳು. ಸೂರ್ಯಾಸ್ತದ ಬಳಿಕ ಉಣ್ಣುವವಳಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಮುಟ್ಟುವವಳಲ್ಲ. ಹೊಸ ರುಚಿಯ ಅಡುಗೆಯಾದ ದಿನಗಳಲ್ಲಿ ಅವಳು ಮೊದಲೇ ತನ್ನ ಗಂಜಿಯುಂಡು ಪಕ್ಕಕ್ಕೆ ಸರಿಯುವುದು ರೂಢಿ. ಈ ಸಲ ಎಲ್ಲರಿಗೂ ಒಂದೇ ಬಾಣಲೆಯ ಊಟವಾಗಬೇಕೆಂದು ಮೊಮ್ಮಗಳು ನಿಶ್ಚಯಿಸಿದ್ದಳು. ಆರು ಗಂಟೆಯೊಳಗೆ ಬಡಿಸಬೇಕಿತ್ತು.

ಮೊಟ್ಟೆ, ಸಿಗಡಿ, ಹುಳಿಬರಿಸಿದ ಮೀನಿನ ಉಪ್ಪುರಸ, ಬೆಳ್ಳುಳ್ಳಿ ಇವಿಷ್ಟನ್ನೂ ತೆಗೆದರೆ ಉಳಿಯುವುದು ಥಾಯ್ ಎಂದಾದೀತೆ? ಉತ್ತರ ಥಾಯ್ಲೆಂಡಿನಲ್ಲಿಯೇ ಇದೆ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಅಲ್ಲಿ ಅನೇಕರು ‘ಜೇ’ ಆಹಾರವನ್ನಷ್ಟೇ ಸೇವಿಸುತ್ತಾರೆ. ವ್ರತವನ್ನು ಸೂಚಿಸುವ ಚೀನೀ ಪದದಿಂದ ಬಂದ ಹೆಸರು ಅದು. ಆಗ ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಅಂಗಡಿಗಳ ಮುಂದೆ ಹಳದಿ ಬಾವುಟ ಹಾರುತ್ತದೆ. ಅದೇ ಬೀದಿಯಲ್ಲಿ ಪ್ಯಾಡ್ ಥಾಯ್ ಕೂಡ ಈ ಕ್ರಮದಲ್ಲಿ ಸಿದ್ಧವಾಗುತ್ತದೆ. ಮೊಮ್ಮಗಳು ಮಾಡಿದ ಬದಲಾವಣೆಗಳು ಹೀಗೆ ಪೂರ್ವಪರಂಪರೆಯಿಲ್ಲದವೇನಲ್ಲ. ಮೊಳಕೆಕಾಳಿನ ಬದಲು ಎಳೆಸೌತೆಯನ್ನು ಹಾಕಿದ್ದು ಮಾತ್ರ ಈ ಮನೆಯದೇ ಏರ್ಪಾಡು. ನೆಲಗಡಲೆಗೆ ಅಡ್ಡಿಯಿರಲಿಲ್ಲ, ನೆಲದೊಳಗೆ ಬೆಳೆದರೂ ಅದು ಗೆಡ್ಡೆಯಲ್ಲ, ಬೀಜ.

ಅಡುಗೆಯ ಗುಟ್ಟು ನೆನೆಸುವುದರಲ್ಲಿದೆ. ನಮ್ಮ ಒತ್ತುಶ್ಯಾವಿಗೆ ಮಣೆಯಿಂದಿಳಿಯುವಾಗಲೇ ಬೆಂದಿರುತ್ತದೆ. ಬಾಣಲೆಗೆ ಹಾಕಿ ಕೆದಕಿದರೆ ಪುಡಿಪುಡಿಯಾಗುತ್ತದೆ. ಅಗಲ ಎಳೆಯ ಒಣ ಅಕ್ಕಿನೂಡಲ್ಸನ್ನಾದರೋ ಕುದಿಸಬಾರದು. ತಣ್ಣೀರಿನಲ್ಲಿ ಮುಕ್ಕಾಲು ಗಂಟೆ ಬಿಟ್ಟು, ಬಾಗುವಷ್ಟು ಮೆದುವಾಗಿ ಕಚ್ಚಿದರೆ ಇನ್ನೂ ಗಟ್ಟಿಯಿರುವಾಗಲೇ ಬಸಿಯಬೇಕು. ಉಳಿದದ್ದು ಹುಳಿರಸದಲ್ಲಿ ಬೇಯುತ್ತದೆ. ನಾಲ್ವರಿಗೆ 250 ಗ್ರಾಂ ನೂಡಲ್ಸು, ನಾಲ್ಕು ದೊಡ್ಡ ಚಮಚ ಗಟ್ಟಿ ಹುಣಿಸೆರಸ, ಮೂರು ಚಮಚ ತಾಳೆಬೆಲ್ಲ, ಒಂದೂವರೆ ಟೀ ಚಮಚ ಉಪ್ಪು. ಇದು ಗೊಜ್ಜಿನ ಲೆಕ್ಕವೇ ಹೌದು. ವ್ಯತ್ಯಾಸ ಉರಿಯಲ್ಲಿದೆ: ಎಣ್ಣೆ ಹೊಗೆಯಾಡುವಷ್ಟು ಕಾದ ಬಾಣಲೆಯಲ್ಲಿ ಬೆಲ್ಲ ಎಳೆಗಳ ಅಂಚಿಗೆ ಕಂದಿ ಹತ್ತಬೇಕು. ಆದ್ದರಿಂದ ಒಮ್ಮೆಗೆ ಇಬ್ಬರ ಪಾಲಿಗಿಂತ ಹೆಚ್ಚು ಹಾಕುವಂತಿಲ್ಲ. ಹುರಿದ ಟೋಫು, ಸೌತೆ, ಕೊತ್ತಂಬರಿ ಕೊನೆಯಲ್ಲಿ ಬಿದ್ದವು. ಮೀನಿನ ರಸ ಕೊಡುವ ಆಳವಾದ ಉಪ್ಪು ಇದರಲ್ಲಿರಲಿಲ್ಲ. ಅದಿದೆಯೆಂದು ಹೇಳುವುದು ಸುಳ್ಳಾದೀತು.

ಖಾರವನ್ನು ಬಾಣಲೆಗೆ ಹಾಕಲೇ ಇಲ್ಲ. ನೂಡಲ್ಸ್ ತಿನ್ನುವವನ ಮುಂದೆ ಸಕ್ಕರೆ, ಮೆಣಸಿನಪುಡಿ, ಮೀನಿನ ರಸ, ಮೆಣಸಿನಕಾಯಿ ನೆನೆಸಿದ ವಿನೆಗರ್ ಇವುಗಳನ್ನಿಟ್ಟು ಕೊನೆಯ ಹದವನ್ನು ಅವನಿಗೇ ಬಿಡುವುದು ಥಾಯ್ ಪದ್ಧತಿ. ಈ ಭಕ್ಷ್ಯದಲ್ಲಿ ಅಕ್ಷರಶಃ ಥಾಯ್ ಆದದ್ದು ಏನಾದರೂ ಇದ್ದರೆ ಅದು ಈ ಬಿಟ್ಟುಕೊಡುವಿಕೆ ಎನ್ನಬೇಕು. ಮೇಜಿನ ಮೇಲೆ ನಿಂಬೆಹೋಳು, ಕುಟ್ಟಿದ ನೆಲಗಡಲೆ, ಮೆಣಸಿನಪುಡಿ ಬಂದವು.

ಅಜ್ಜಿ ಒಂದು ತುತ್ತು ತಿಂದು, “ಹುಳಿ-ಬೆಲ್ಲ ಸರಿಯಾಗಿದೆ ಮಗಾ, ಕಾರ ಎಲ್ಲಿ?” ಎಂದಳು. ಮೆಣಸಿನಪುಡಿಯ ಬಟ್ಟಲನ್ನು ಮುಂದೆ ಸರಿಸಿದರೆ ತಲೆಯಲ್ಲಾಡಿಸಿ ಎದ್ದು, ಒಳಗಿನಿಂದ ಒಳ್ಳೆಮೆಣಸಿನ ಭರಣಿಯನ್ನು ತಂದಳು. ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಎರಡನೆಯ ಸರದಿಯ ನೂಡಲ್ಸು ಬಾಣಲೆಗೆ ಬಿದ್ದು ಚಟಗುಟ್ಟುತ್ತಿತ್ತು.