ಬಲಗಡೆಯಿಂದ ಬಂದವರು

1/6

ಮೊದಲ ಫೋಟೋದಲ್ಲಿರೋದು ನನ್ನ ಡಿಎಲ್. ನಂಬರು, ವಿಳಾಸದ ಮೇಲೆಲ್ಲ ಬೆರಳಿಟ್ಟು ಮುಚ್ಚಿದೀನಿ. ಕಾಣ್ತಿರೋದು ನನ್ನ ಪೆಚ್ಚು ಮುಖ ಮಾತ್ರ. ಕಂಗ್ರಾಟ್ಸ್ ಅಂತ ಕಾಮೆಂಟ್ ಹಾಕೋ ಮುಂಚೆ ಆರೂ ಭಾಗ ಓದಿಬಿಡಿ, ಆಮೇಲೆ ಹಾಕ್ಬೇಕಾ ಬೇಡ್ವಾ ನೀವೇ ಯೋಚನೆ ಮಾಡಿ.

ಈ ಕಾರ್ಡು ನಂಗೆ ಸಿಕ್ಕಿದ್ದು 33ನೇ ವಯಸ್ಸಿಗೆ. ಬೆಂಗಳೂರಲ್ಲಿ ಸ್ಕೂಟರ್ ಓಡಿಸೋಕೆ ಶುರು ಮಾಡಿದ್ದು 22ಕ್ಕೆ. ಮಧ್ಯದ ಹನ್ನೊಂದು ವರ್ಷ ಏನಿತ್ತು ಅಂತ ಕೇಳ್ತೀರಾ? ಏನೂ ಇರ್ಲಿಲ್ಲ. ಎಲ್‌ಎಲ್ ಕೂಡ ಇರ್ಲಿಲ್ಲ.

2013ರಲ್ಲಿ ಚಿಕ್ಕನಾಯಕನಹಳ್ಳಿಯಿಂದ ಕೆಲಸಕ್ಕೆ ಅಂತ ಬಂದೆ. ಊರಲ್ಲಿ ತಮ್ಮನ ಗಾಡೀಲೇ ಕಲಿತಿದ್ದೆ. ಅಲ್ಲಿ ಯಾರೂ ಲೈಸೆನ್ಸ್ ಕೇಳ್ತಿರ್ಲಿಲ್ಲ. ಅದೇ ಗಾಡಿ ಇಲ್ಲಿಗೆ ಬಂತು, ಅದೇ ಧೈರ್ಯಾನೂ ಜೊತೆಗೇ ಬಂತು. ಹೆಲ್ಮೆಟ್ ಹಾಕ್ತೀನಿ, ಸಿಗ್ನಲ್ ಜಂಪ್ ಮಾಡಲ್ಲ, ನನ್ನನ್ಯಾಕೆ ನಿಲ್ಲಿಸ್ತಾರೆ ಅನ್ನೋ ಲೆಕ್ಕ. ಪ್ರತೀ ಯುಗಾದಿಗೂ "ಈ ವರ್ಷ ಡಿಎಲ್ ಮಾಡಿಸ್ಬೇಕು" ಅಂದ್ಕೊಳ್ತಿದ್ದೆ. ಬೇವು ಬೆಲ್ಲ ತಿಂದಷ್ಟೇ ಬಂತು.

2/6

2024ರ ಅಕ್ಟೋಬರ್, ಬೆಳಗ್ಗೆ ಏಳೂವರೆ. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಕ್ರಾಸ್ ಇದೆ. ನೀವೂ ಇಂಥದ್ದನ್ನ ದಿನಾ ದಾಟ್ತೀರ. ಸಿಗ್ನಲ್ ಇಲ್ಲ, ಹಂಪ್ ಇಲ್ಲ, ನಾಲ್ಕೂ ಕಡೆ ಒಂದೇ ಅಗಲದ ರಸ್ತೆ, ಮೂಲೇಲಿ ಒಂದು ಕಾರು ಯಾವಾಗ್ಲೂ ನಿಂತಿರುತ್ತೆ. ನಾನು ನೇರ ಹೋಗ್ತಿದ್ದೆ. ಹಾರ್ನ್ ಹೊಡೆದೆ. ಬಲಗಡೆಯಿಂದ ಒಂದು ಎಕ್ಸ್‌ಎಲ್ ಗಾಡಿ ಬಂತು.

ಆಮೇಲೆ ನೆನಪಿರೋದು ಸೊಪ್ಪು. ರಸ್ತೆ ತುಂಬ ದಂಟು, ಮೆಂತ್ಯ, ಸಬ್ಬಸಿಗೆ. ಅದರ ಮಧ್ಯೆ ನಮ್ಮ ಏರಿಯಾಕ್ಕೆ ಸೊಪ್ಪು ಮಾರೋ ಯಜಮಾನ್ರು ಬಲಗೈ ಎದೆಗೆ ಅವಚಿಕೊಂಡು ಕೂತಿದ್ರು. ನಂಗೆ ಮೊಣಕಾಲು ತರಚಿತ್ತು, ಅಷ್ಟೇ.

ಜನ ಸೇರಿದ್ರು. ನಾನು ಹೇಳಿದ ಮೊದಲ ಮಾತು, "ನಾನು ನೇರ ಹೋಗ್ತಿದ್ದೆ, ಇವ್ರೇ ಅಡ್ಡ ಬಂದ್ರು." ಯಾರೋ ಕೇಳಿದ್ರು, "ಮೇಡಂ, ಡಿಎಲ್ ಇದ್ಯಾ?"

ಬ್ಯಾಗ್ ಹುಡುಕೋ ನಾಟಕ ಮಾಡಿದೆ. ಇಲ್ಲದ ವಸ್ತುವನ್ನ ಎಷ್ಟು ಹೊತ್ತು ಹುಡುಕೋಕಾಗುತ್ತೆ ಹೇಳಿ? ಅಷ್ಟರಲ್ಲಿ ಯಜಮಾನ್ರು ಎಡಗೈಯಲ್ಲೇ ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಅವರ ಡಿಎಲ್ ತೆಗೆದು ತೋರಿಸಿದ್ರು. ಆಮೇಲೆ ಜನಕ್ಕೆ ಹೇಳಿದ್ರು, "ಬಿಡ್ರಪ್ಪ, ಹುಡುಗಿ ಗಾಬರಿಯಾಗವ್ಳೆ."

ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆಸ್ಪತ್ರೆ ಬಿಲ್ ನಾನೇ ಕಟ್ಟಿದೆ. ಕಂಪ್ಲೇಂಟ್ ಬೇಡ ಅಂದ್ರು ಅವರು. ನಿಜ ಹೇಳ್ತೀನಿ, ಅವತ್ತು ರಾತ್ರಿ ಮಲಗೋವಾಗ ನಂಗನಿಸಿದ್ದು, ತಪ್ಪು ನಂದಲ್ದಿದ್ರೂ ದುಡ್ಡು ಕೊಟ್ಟೆ, ನಾನೆಷ್ಟು ಒಳ್ಳೆಯವಳು ಅಂತ.

3/6

ಮಾರನೇ ದಿನ ತಮ್ಮ ಫೋನಲ್ಲಿ ಬೈದ. ಗಾಡಿ ಇನ್ನೂ ಅವನ ಹೆಸರಲ್ಲೇ ಇತ್ತು. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ರೆ ಓನರ್ ಮೇಲೂ ಕೇಸ್ ಆಗುತ್ತೆ. ಇನ್ಶೂರೆನ್ಸ್ ಕಂಪನಿ ಗಾಯವಾದವರಿಗೆ ಪರಿಹಾರ ಕೊಟ್ರೂ ಆಮೇಲೆ ಆ ದುಡ್ಡನ್ನ ಗಾಡಿ ಓನರ್ ಹತ್ರ ವಸೂಲಿ ಮಾಡಬಹುದು. ನನ್ನ ಸೋಮಾರಿತನದ ಬಿಲ್ಲು ಅವನ ತಲೆ ಮೇಲೆ ಹನ್ನೊಂದು ವರ್ಷ ತೂಗಾಡ್ತಿತ್ತು, ಇಬ್ಬರಿಗೂ ಅದು ಗೊತ್ತೇ ಇರ್ಲಿಲ್ಲ. ಅವತ್ತಿಂದ ಗಾಡಿ ಮುಟ್ಟಲಿಲ್ಲ. ಬಸ್ಸು, ಮೆಟ್ರೋ.

ಸಾರಥಿ ಪೋರ್ಟಲಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಿದೆ. ಇಲ್ಲಿ ಒಂದು ವಿಷಯ ನೋಟ್ ಮಾಡ್ಕೊಳ್ಳಿ: ಗೇರ್ ಇಲ್ಲದ ಸ್ಕೂಟರ್ ಬೇರೆ ಕ್ಲಾಸು, ಗೇರ್ ಇರೋ ಬೈಕ್ ಬೇರೆ ಕ್ಲಾಸು. ಸ್ಕೂಟರ್ ಕ್ಲಾಸಿನ ಡಿಎಲ್ ಇಟ್ಕೊಂಡು ಬೈಕ್ ಓಡಿಸೋ ಹಾಗಿಲ್ಲ. ಮುಂದೆ ಬೈಕ್ ಓಡಿಸೋ ಆಸೆ ಇದ್ರೆ ಅರ್ಜಿ ತುಂಬೋವಾಗಲೇ ನೋಡ್ಕೊಳ್ಳಿ.

ಎಲ್‌ಎಲ್ ಪರೀಕ್ಷೆಗೆ ಓದೋದೇನಿದೆ, ಹನ್ನೊಂದು ವರ್ಷದ ಅನುಭವ ಅಂತ ಕೂತೆ. ದುಂಡಗಿನ ಬೋರ್ಡ್ ಅಂದ್ರೆ ಆಜ್ಞೆ, ತ್ರಿಕೋನ ಅಂದ್ರೆ ಎಚ್ಚರಿಕೆ, ನೀಲಿ ಚೌಕದ ಬೋರ್ಡ್ ಅಂದ್ರೆ ಮಾಹಿತಿ. ಇದೇ ನಂಗೆ ಗೊತ್ತಿರ್ಲಿಲ್ಲ. ನಗ್ತಾ ನಗ್ತಾ ಮುಂದಿನ ಪ್ರಶ್ನೆಗೆ ಹೋದೆ.

ಸಿಗ್ನಲ್ಲೂ ಪೊಲೀಸೂ ಇಲ್ಲದ ಕ್ರಾಸಿನಲ್ಲಿ ಯಾರಿಗೆ ದಾರಿ ಬಿಡಬೇಕು?

ಉತ್ತರ: ದೊಡ್ಡ ರಸ್ತೆಯಲ್ಲಿ ಬರೋರಿಗೆ. ಎರಡೂ ಒಂದೇ ಥರದ ರಸ್ತೆ ಆದ್ರೆ, ನಿಮ್ಮ ಬಲಗಡೆಯಿಂದ ಬರೋರಿಗೆ.

ಎರಡು ಸಲ ಓದಿದೆ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಹಾಳೆ ಮೇಲೆ ಆ ಕ್ರಾಸಿನ ಚಿತ್ರ ಬರೆದೆ. ನಾನು ಇಲ್ಲಿಂದ, ಅವರು ಅಲ್ಲಿಂದ. ಎಷ್ಟು ಸಲ ತಿರುಗಿಸಿ ನೋಡಿದ್ರೂ ಅವರು ನನ್ನ ಬಲಗಡೇನೇ ಇದ್ರು.

4/6

ಮೂರು ದಿನ ಯಾರಿಗೂ ಹೇಳಲಿಲ್ಲ. "ಅವ್ರೇ ಅಡ್ಡ ಬಂದ್ರು" ಅಂತ ಆಫೀಸಲ್ಲಿ, ಊರಲ್ಲಿ, ಬೀದಿಯಲ್ಲಿ ಎಲ್ಲರಿಗೂ ಹೇಳಿ ಆಗಿತ್ತಲ್ಲ.

ನಾಲ್ಕನೇ ದಿನ ನಮ್ಮ ಓನರ್ ಆಂಟಿ ಹತ್ರ ಯಜಮಾನ್ರ ನಂಬರ್ ಇಸ್ಕೊಂಡು ಅವರ ಮನೆಗೆ ಹೋದೆ. ಒಂದು ರೂಮು, ಮುಂದೆ ಸಣ್ಣ ಜಗಲಿ. ಎಕ್ಸ್‌ಎಲ್ ಗಾಡಿ ಮೇಲೆ ಗೋಣಿಚೀಲ ಹೊದಿಸಿಟ್ಟಿದ್ರು. ಅವರ ಹೆಂಡತಿ ತಲೆ ಮೇಲೆ ಬುಟ್ಟಿ ಹೊತ್ಕೊಂಡು ಎರಡೇ ಬೀದಿ ಸುತ್ತಿ ಬರ್ತಿದ್ರಂತೆ. ಆಸ್ಪತ್ರೆ ಬಿಲ್ ಕಟ್ಟಿದಾಗ ಈ ಲೆಕ್ಕ ನನ್ನ ತಲೆಗೇ ಬಂದಿರ್ಲಿಲ್ಲ.

ನಿಂತ್ಕೊಂಡೇ ಹೇಳಿದೆ. "ಯಜಮಾನ್ರೇ, ಅವತ್ತು ತಪ್ಪು ನಂದೇ. ಬಲಗಡೆಯಿಂದ ಬರೋರಿಗೆ ನಾನು ನಿಲ್ಲಿಸ್ಬೇಕಿತ್ತು. ರೂಲ್ಸ್ ನಂಗೆ ಗೊತ್ತಿರ್ಲಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ನಿದ್ರು. "ರೂಲ್ಸು ನಂಗೂ ನೆಪ್ಪಿಲ್ಲ ಕಣವ್ವ. ನೀನು ನನ್ನ ನೋಡ್ದೆ. ನಿಲ್ಲಿಸ್ತೀಯ ಅಂದ್ಕೊಂಡೆ."

ಹೌದು, ನೋಡಿದ್ದೆ. ಇದನ್ನ ಇಲ್ಲೀವರೆಗೂ ನಿಮಗೂ ಹೇಳಿರ್ಲಿಲ್ಲ ನಾನು. ನೋಡಿದ್ಮೇಲೇ ಹಾರ್ನ್ ಹೊಡೆದಿದ್ದು. ಹಾರ್ನ್ ಹೊಡೆದ್ರೆ ದಾರಿ ನಂದಾಗುತ್ತೆ ಅಂದ್ಕೊಂಡಿದ್ದೆ.

ಆರು ವಾರದ ಸಂಪಾದನೆ ಎಷ್ಟಾಗುತ್ತೆ ಅಂತ ಕೇಳಿದೆ. ಮೂರು ತಿಂಗಳಲ್ಲಿ ಕೊಡ್ತೀನಿ ಅಂದೆ. ಬೇಡ ಅಂತಾರೇನೋ ಅಂದ್ಕೊಂಡಿದ್ದೆ. "ಕೊಡವ್ವ, ಬೇಕು" ಅಂದ್ರು. ಹಾಗಂದಿದ್ದು ನಂಗೆ ಎಷ್ಟೋ ಸಮಾಧಾನ ಆಯ್ತು.

5/6

ಎಲ್‌ಎಲ್ ಸಿಕ್ತು. ಅದು 6 ತಿಂಗಳು ಇರುತ್ತೆ, 30 ದಿನ ಆದ್ಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಗಾಡಿಗೆ ಹಿಂದೆ ಮುಂದೆ ಬಿಳಿ ಬೋರ್ಡ್ ಮೇಲೆ ಕೆಂಪು ಎಲ್ ಹಚ್ಚಿದೆ (ಎರಡನೇ ಫೋಟೋ). ಎಲ್ ಬೋರ್ಡ್ ಇರೋವಾಗ ಕಲಿಸೋಕೆ ಕೂರೋ ಡಿಎಲ್ ಇರೋರನ್ನ ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸ್ಕೊಳ್ಳೋ ಹಾಗಿಲ್ಲ. ಭಾನುವಾರ ಭಾನುವಾರ ತಮ್ಮ ಬಂದು ಹಿಂದೆ ಕೂರ್ತಿದ್ದ. ಹನ್ನೊಂದು ವರ್ಷ ನಾನು ಹೇಗೆ ಓಡಿಸ್ತಿದ್ದೆ ಅಂತ ಅವನಿಗೆ ಆಗ್ಲೇ ಗೊತ್ತಾಗಿದ್ದು. "ಅಕ್ಕಾ, ಮಿರರ್ ಇರೋದು ತಲೆ ಬಾಚ್ಕೊಳ್ಳೋಕಲ್ಲ" ಅಂದ.

ಟೆಸ್ಟ್ ದಿನ ಗೇಟ್ ಹತ್ರ ಒಬ್ರು ಬಂದು, "ಮೇಡಂ, 8 ಹಾಕೋದೆಲ್ಲ ಯಾಕೆ? ನಾನು ನೋಡ್ಕೊಳ್ತೀನಿ" ಅಂದ್ರು. ಒಂದು ವರ್ಷದ ಹಿಂದೆ ಆಗಿದ್ರೆ ಖುಷಿಯಿಂದ ಒಪ್ಕೊಳ್ತಿದ್ದೆ. ಬೇಡ ಅಂದೆ.

ಒಳಗೆ ಹೋಗಿ 8 ಹಾಕಿದೆ. ಮಧ್ಯದಲ್ಲಿ, ಎರಡು ಸುತ್ತು ಸೇರೋ ಜಾಗದಲ್ಲಿ, ಕಾಲು ಊರಿಬಿಟ್ಟೆ. ಬ್ರೇಕ್ ಇನ್‌ಸ್ಪೆಕ್ಟರ್ ತಲೆ ಎತ್ತದೆ, "ಫೇಲು, ಮುಂದಿನವರು ಬನ್ನಿ" ಅಂದ್ರು. ಮುಂದಿನವನು ಹದಿನೆಂಟರ ಹುಡುಗ, ನೀರು ಕುಡಿದಷ್ಟು ಸಲೀಸಾಗಿ ಹಾಕಿ ಹೋದ.

ಫೇಲ್ ಆದ್ರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ನಂಗೆ ಸ್ಲಾಟ್ ಸಿಕ್ಕಿದ್ದು ಹನ್ನೆರಡನೇ ದಿನಕ್ಕೆ. ಅಷ್ಟೂ ದಿನ ಸಂಜೆ ಮೈದಾನದಲ್ಲಿ ಇಟ್ಟಿಗೆ ಇಟ್ಟು, ತಮ್ಮನನ್ನ ಕೂರಿಸ್ಕೊಂಡು ಪ್ರಾಕ್ಟೀಸ್ ಮಾಡಿದೆ. ನಿಮಗೂ ಉಪಯೋಗ ಆಗಬಹುದು, ಕೇಳಿ: ರೈಸ್ ಸಣ್ಣಗೆ, ಒಂದೇ ಸಮ ಇರ್ಲಿ. ಹಿಂದಿನ ಬ್ರೇಕ್ ಮೆತ್ತಗೆ ಹಿಡಿದಿರಿ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಚಕ್ರ ನೋಡಬೇಡಿ, ಹೋಗಬೇಕಾದ ಕಡೆ ಕತ್ತು ತಿರುಗಿಸಿ. ನಾವು ಟ್ರಾಫಿಕ್‌ನಲ್ಲಿ ನುಗ್ಗಿ ನುಗ್ಗಿ ಓಡಿಸೋದನ್ನ ಕಲಿತಿರ್ತೀವಿ, ನಿಧಾನಕ್ಕೆ ಓಡಿಸೋದನ್ನ ಕಲಿತೇ ಇರಲ್ಲ.

ಎರಡನೇ ಸಲ ಪಾಸ್.

6/6

ಕಾರ್ಡು ಅಂಚೆಯಲ್ಲಿ ಬಂತು. 30 ದಾಟಿದವಳು ನಾನು, ಅದಕ್ಕೇ 10 ವರ್ಷಕ್ಕೆ ಕೊಟ್ಟಿದಾರೆ. 30 ತುಂಬೋ ಮುಂಚೆ ಮಾಡಿಸಿದ್ರೆ 40 ವರ್ಷ ಆಗೋವರೆಗೂ ಇರುತ್ತೆ. 22ಕ್ಕೇ ಮಾಡಿಸಿದ್ರೆ ಆಗಿನ ರೂಲ್ಸ್ ಪ್ರಕಾರ 20 ವರ್ಷ ಬರ್ತಿತ್ತು! ಡಿಜಿಲಾಕರ್‌ನಲ್ಲಿ ಇಟ್ಕೊಂಡಿದೀನಿ, ಅದೂ ನಡೆಯುತ್ತೆ. ಆದ್ರೂ ಕಾರ್ಡನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಲ್ಲಿ ಇಟ್ಟಿದೀನಿ. ಯಾರನ್ನ ನೋಡಿ ಕಲಿತಿದ್ದು ಅಂತ ನಿಮಗೆ ಗೊತ್ತು.

ಮೂರನೇ ಫೋಟೋ ಆ ಕ್ರಾಸು. ಈಗ ಅಲ್ಲಿ ನಿಲ್ಲಿಸಿ, ಬಲಗಡೆ ನೋಡಿ, ಆಮೇಲೆ ಹೋಗ್ತೀನಿ. ಹಿಂದಿನವರು ಹಾರ್ನ್ ಹೊಡೀತಾರೆ. ಹೊಡೀಲಿ. ಹೋದ ವಾರ ಹಾಗೆ ನಿಂತಿದ್ದಾಗ ಬಲಗಡೆಯಿಂದ ಯಜಮಾನ್ರೇ ಬಂದ್ರು, ಗಾಡಿ ತುಂಬ ಸೊಪ್ಪು. ನಿಲ್ಲಿಸಲಿಲ್ಲ, ಮಾತಾಡಿಸಲಿಲ್ಲ. ತಲೆ ಆಡಿಸಿ ಮುಂದೆ ಹೋದ್ರು. ಅವರ ದಾರಿ ಅದು.

ಡಿಎಲ್ ಇಲ್ಲದೆ ಓಡಿಸ್ತಿರೋ ಒಬ್ರಾದ್ರೂ ನಿಮಗೆ ಗೊತ್ತಿರ್ತಾರೆ. ಇಲ್ಲಿ ಟ್ಯಾಗ್ ಮಾಡಬೇಡಿ, ಪಾಪ, ನಾಚಿಕೆ ಆಗುತ್ತೆ. ಸುಮ್ನೆ ಅವರಿಗೆ ಕಳಿಸಿ. ಆ ಒಬ್ರು ನೀವೇ ಆಗಿದ್ರೆ, ಈ ಯುಗಾದಿಗೆ ಕಾಯಬೇಡಿ.

#ಬೆಂಗಳೂರು #ಡಿಎಲ್ #ಎಂಟುಹಾಕೋದು #ಬಲಗಡೆನೋಡಿ