ಅಡಿಗೆಮನೆಯ ಮಕ್ಕಳ ತೋಟ

ಪರದೇಶಕ್ಕೆ ಹೊರಟವರು ಜೊತೆಯಲ್ಲಿ ಒಯ್ಯುವ ಸಾಮಾನುಗಳಲ್ಲಿ ಮಾತೃಭಾಷೆಯಷ್ಟು ಹಗುರವಾದದ್ದು ಮತ್ತೊಂದಿಲ್ಲ. ಅದಕ್ಕೆ ಸುಂಕವಿಲ್ಲ, ತೂಕವಿಲ್ಲ. ಪೆಟ್ಟಿಗೆಯಲ್ಲಿ ಅದಕ್ಕೆಂದು ಸ್ಥಳ ಬಿಡಬೇಕಾದದ್ದೂ ಇಲ್ಲ. ಆದರೆ ಹೊಸ ನೆಲದಲ್ಲಿ ಮನೆ ಹೂಡಿದ ಮೇಲೆ ಅದರಷ್ಟು ಸದ್ದಿಲ್ಲದೆ ಕಳೆದುಹೋಗುವ ವಸ್ತುವೂ ಮತ್ತೊಂದಿಲ್ಲ. ಕಳೆಯುವವರು ದೊಡ್ಡವರಲ್ಲ, ಅವರ ನಾಲಗೆಗೆ ಅದು ಎಳೆತನದಿಂದ ಹತ್ತಿದ್ದು. ಅದು ಕಳೆಯುವುದು ಮಕ್ಕಳ ಬಾಯಲ್ಲಿ. ಇಂದು ಒಂದು ಶಬ್ದ, ನಾಳೆ ಒಂದು ವಾಕ್ಯ. ಕಡೆಗೆ ತಾಯಿ ಒಂದು ಭಾಷೆಯಲ್ಲಿ ಕೇಳುತ್ತಾಳೆ, ಮಗು ಇನ್ನೊಂದರಲ್ಲಿ ಉತ್ತರಿಸುತ್ತದೆ. ಇಬ್ಬರಿಗೂ ಅರ್ಥವಾಗುವುದರಿಂದ ಕೆಲಸವೇನೂ ಕೆಡುವುದಿಲ್ಲ. ಹಾಗೆ ಕೆಡದಿರುವುದರಲ್ಲೇ ಅಪಾಯವಿದೆ.

ಅಮೆರಿಕದ ಒಂದು ನಗರದಲ್ಲಿ ಸಂಸಾರ ಹೂಡಿದ ಜರ್ಮನ್ ತಾಯಿಯೊಬ್ಬಳನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಲಿ. ಹುಟ್ಟಿದೂರು ಹ್ಯಾಂಬರ್ಗ್, ಗಂಡನ ಮನೆಮಾತು ಇಂಗ್ಲಿಷ್. ನಾಲ್ಕು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಪ್ರತಿ ಭಾನುವಾರ ದೂರದ ಅಜ್ಜಿ ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಾಳೆ. ಮೊಮ್ಮಗಳು ಎರಡು ವಾಕ್ಯ ಜರ್ಮನ್ ಆಡಿ, ನೆರೆಮನೆಯ ನಾಯಿ ಬೇಲಿ ಹಾರಿ ಬಂದ ಕಥೆಯನ್ನು ಮಾತ್ರ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಾಳೆ. ಅಜ್ಜಿ ನಗುತ್ತಾಳೆ, ಆದರೆ ನಗಬೇಕಾದ ಸ್ಥಳದಲ್ಲಲ್ಲ, ಸ್ವಲ್ಪ ತಡವಾಗಿ, ಮಗು ನಕ್ಕದ್ದನ್ನು ನೋಡಿಕೊಂಡು. ಆ ತಡವನ್ನು ಗುರುತಿಸಿದವಳು ನಡುವೆ ಕುಳಿತ ತಾಯಿ ಒಬ್ಬಳೇ. ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳು ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರವಿ, ಗೆರೆಯೆಳೆದು, ವಾರಕ್ಕೊಂದರಂತೆ ಚೌಕ ಹಾಕುತ್ತಾಳೆ. ಮಕ್ಕಳು ಶಾಲೆಗೆ ಸೇರುವುದರೊಳಗಿನ ದಿನಗಳಲ್ಲಿ ಮನೆಯಲ್ಲೇ ಒಂದು ಜರ್ಮನ್ ಶಿಶುವಿಹಾರ ನಡೆಯಬೇಕೆಂಬುದು ಅವಳ ಸಂಕಲ್ಪ.

ಈ ಸಂಕಲ್ಪಕ್ಕೆ ಅಮೆರಿಕದ ನೆಲದಲ್ಲಿ ಹಳೆಯ ವಂಶವೊಂದುಂಟು. ಕಿಂಡರ್‌ಗಾರ್ಟನ್ ಎಂಬ ಜರ್ಮನ್ ಪದಕ್ಕೆ ‘ಮಕ್ಕಳ ತೋಟ’ ಎಂದರ್ಥ. ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದ ಫ್ರೀಡ್ರಿಕ್ ಫ್ರೋಬೆಲ್, ತುರಿಂಗಿಯಾದ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ 1837ರಲ್ಲಿ ಆಟದ ಮೂಲಕ ಎಳೆಯರನ್ನು ಬೆಳೆಸುವ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟನು. ಉಣ್ಣೆಯ ಬಣ್ಣದ ಚೆಂಡುಗಳು, ಮರದ ಗೋಳ, ಘನ, ಎಂಟು ತುಂಡಾಗಿ ಬಿಡಿಸಿ ಕೂಡಿಸಬಹುದಾದ ಇನ್ನೊಂದು ಘನ, ಜೊತೆಗೆ ಹಾಡು, ಕೈಕೆಲಸ, ತೋಟದ ಕೆಲಸ. ಇವೇ ಅವನ ಪಠ್ಯಪುಸ್ತಕಗಳು. ಇಷ್ಟು ನಿರುಪದ್ರವಿಯಾದ ಸಂಸ್ಥೆಯಲ್ಲಿಯೂ ರಾಜದ್ರೋಹದ ವಾಸನೆ ಕಂಡ ಪ್ರಷ್ಯದ ಸರಕಾರ 1851ರಲ್ಲಿ ಇಂಥ ಶಾಲೆಗಳನ್ನೆಲ್ಲ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡನು. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರಲ್ಲಿ ತೋಟದ ಬೀಜ ಸಮುದ್ರ ದಾಟಿಯಾಗಿತ್ತು.

ದಾಟಿಸಿದವಳು ಹ್ಯಾಂಬರ್ಗಿನ ಮಾರ್ಗರೆಟೆ ಶುರ್ಟ್ಸ್. ಚಿಕ್ಕ ವಯಸ್ಸಿನಲ್ಲೇ ಫ್ರೋಬೆಲನ ಉಪನ್ಯಾಸ ಕೇಳಿದ್ದವಳು. ಅಕ್ಕ ಲಂಡನ್ನಿನಲ್ಲಿ ತೆರೆದಿದ್ದ ಶಿಶುವಿಹಾರದಲ್ಲಿ ಕೆಲಸ ಮಾಡಿದ್ದವಳು. ವಿವಾಹವಾಗಿ ಅಮೆರಿಕಕ್ಕೆ ಬಂದು, ವಿಸ್ಕಾನ್ಸಿನ್ ಸಂಸ್ಥಾನದ ವಾಟರ್‌ಟೌನ್ ಎಂಬ ಊರಿನಲ್ಲಿ 1856ರಲ್ಲಿ ತನ್ನ ಪುಟ್ಟ ಮಗಳು ಅಗಾಥೆಯನ್ನೂ ನಂಟರ ನಾಲ್ಕಾರು ಮಕ್ಕಳನ್ನೂ ಮನೆಯಲ್ಲಿಯೇ ಕೂಡಿಸಿಕೊಂಡು ಹಾಡು, ಆಟ, ಕೈಕೆಲಸಗಳನ್ನು ಆರಂಭಿಸಿದಳು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಎಂದು ಚರಿತ್ರೆ ಬರೆದುಕೊಂಡದ್ದು ಇದನ್ನೇ. ಅದರ ಮಾತೆಲ್ಲ ಜರ್ಮನ್. 1859ರಲ್ಲಿ ಎಲಿಜಬೆತ್ ಪೀಬಾಡಿ ಎಂಬ ವಿದುಷಿ ಈ ಅಗಾಥೆಯ ನಡೆನುಡಿಯನ್ನು ಕಂಡು ಬೆರಗಾಗಿ, ಅದರ ಮರ್ಮವನ್ನು ತಾಯಿಯಿಂದ ಕೇಳಿ ತಿಳಿದು, ಮರುವರ್ಷ ಬಾಸ್ಟನ್ನಿನಲ್ಲಿ ಇಂಗ್ಲಿಷ್ ಭಾಷೆಯ ಶಿಶುವಿಹಾರವನ್ನು ತೆರೆದಳು. ಅಲ್ಲಿಂದ ಮುಂದೆ ತೋಟ ದೇಶವನ್ನೆಲ್ಲ ಹಬ್ಬಿತು.

ಆದರೆ ಹಬ್ಬಿದ್ದು ತೋಟವೇ ಹೊರತು ತೋಟದ ಮಾತಲ್ಲ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಜರ್ಮನ್ ಎಂಬುದು ಶತ್ರುವಿನ ಭಾಷೆಯಾಯಿತು. ವಾಟರ್‌ಟೌನಿನ ಶಿಶುವಿಹಾರ ಭಾಷೆಯ ಮೇಲಿನ ವಿರೋಧಕ್ಕೆ ಸಿಕ್ಕಿ ಬಾಗಿಲು ಮುಚ್ಚಿತು. ನೆಬ್ರಾಸ್ಕ ಸಂಸ್ಥಾನ 1919ರಲ್ಲಿ ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಯಾವ ಶಾಲೆಯಲ್ಲೂ ಇಂಗ್ಲಿಷಲ್ಲದ ಆಧುನಿಕ ಭಾಷೆಯನ್ನು ಕಲಿಸಬಾರದೆಂದು ಶಾಸನ ಮಾಡಿತು. ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಓದಿಸಿದ ತಪ್ಪಿಗೆ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯನಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ನ್ಯಾಯವೇನೋ ದೊರೆಯಿತು, ಆದರೆ ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀದಿಯಲ್ಲಿ ದನಿ ತಗ್ಗಿಸುವುದನ್ನೂ, ಮಕ್ಕಳು ಉತ್ತರ ಬದಲಿಸುವುದನ್ನೂ ಕಲಿತುಬಿಟ್ಟಿದ್ದರು. ನಿಂತುಹೋದ ನಾಲಗೆಯನ್ನು ಮತ್ತೆ ಆಡಿಸುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲ. ಇಂದು ಅಮೆರಿಕದ ಪ್ರತಿಯೊಂದು ಮಗುವಿನ ಬಾಯಲ್ಲಿಯೂ ಕಿಂಡರ್‌ಗಾರ್ಟನ್ ಎಂಬ ಪದವಿದೆ. ಪದ ಉಳಿಯಿತು, ಮಾತು ಹೋಯಿತು.

ಆದ್ದರಿಂದ ಇಂದಿನ ತಾಯಿಯ ಕೆಲಸ ಮಾರ್ಗರೆಟೆಯ ಕೆಲಸಕ್ಕಿಂತ ಕಠಿನವಾದದ್ದು. ಅಂದಿನ ವಾಟರ್‌ಟೌನಿನಲ್ಲಿ ಬಾಗಿಲು ತೆರೆದರೆ ಬೀದಿಯೂ ಜರ್ಮನ್ ಆಡುತ್ತಿತ್ತು. ಇಂದಿನವಳ ಬೀದಿ, ಅಂಗಡಿ, ಆಟದ ಬಯಲು, ಕಡೆಗೆ ಮಕ್ಕಳ ತಂದೆಯೂ ಇಂಗ್ಲಿಷಿನ ಕಡೆಯವರು. ಇಷ್ಟು ದೊಡ್ಡ ಪಕ್ಷಕ್ಕೆ ಎದುರಾಗಿ ಅವಳ ಕೈಯಲ್ಲಿರುವುದು ದಿನದ ಒಂದೆರಡು ಗಂಟೆ, ಒಂದು ಮೇಜು, ಒಂದು ಕತ್ತರಿ, ಅಂಟು, ಬಣ್ಣದ ಕಾಗದ. ವಾರಕ್ಕೊಂದು ವಸ್ತುವನ್ನು ಆರಿಸಿಕೊಂಡು ಯೋಜನೆ ಹಾಕುವುದರ ಗುಟ್ಟು ಇಲ್ಲಿದೆ. ಬಿಡಿಬಿಡಿಯಾಗಿ ಕಲಿಸಿದ ಶಬ್ದ ಮಗುವಿನ ತಲೆಯಲ್ಲಿ ಒಂಟಿಯಾಗಿ ನಿಂತು ಬಾಡುತ್ತದೆ. ಅದೇ ಶಬ್ದ ಸೋಮವಾರ ಕಥೆಯಲ್ಲಿ, ಮಂಗಳವಾರ ಹಾಡಿನಲ್ಲಿ, ಬುಧವಾರ ಹಿಟ್ಟಿನ ಬೋಗುಣಿಯಲ್ಲಿ, ಗುರುವಾರ ಉದ್ಯಾನದ ದಾರಿಯಲ್ಲಿ ಎದುರಾದರೆ ಮಗುವಿಗೆ ಅದು ಪಾಠವಲ್ಲ, ಪರಿಚಯಸ್ಥ. ಹೀಗೆ ವಾರವೊಂದರಲ್ಲಿ ಹತ್ತು ಹನ್ನೆರಡು ಶಬ್ದಗಳಿಗೆ ಕೆಲಸ ಸಿಕ್ಕರೆ ಸಾಕು.

ಮೊದಲ ಚೌಕದಲ್ಲಿ ಆ ತಾಯಿ ಬರೆದದ್ದು ಶರತ್ಕಾಲ. ಅದರ ಕೆಳಗೆ ‘ಇಗೆಲ್’, ಎಂದರೆ ಮುಳ್ಳಿಲಿ. ಜರ್ಮನ್ ಮಕ್ಕಳಿಗೆ ಶರತ್ಕಾಲವೆಂದರೆ ಎಲೆಯ ರಾಶಿಯಲ್ಲಿ ಚಳಿನಿದ್ರೆಗೆ ಹೊರಟ ಮುಳ್ಳಿಲಿಯ ಚಿತ್ರ. ಆಲೂಗಡ್ಡೆಗೆ ಕಡ್ಡಿ ಚುಚ್ಚಿ ಮುಳ್ಳಿಲಿಯನ್ನು ಮಾಡಿದ್ದಾಯಿತು. ಮಕ್ಕಳು ಕೂಡಲೆ ನಿಜವಾದದ್ದನ್ನು ನೋಡಲು ಹೊರಟುನಿಂತರು. ಅಮೆರಿಕದ ಕಾಡುಗಳಲ್ಲಿ ಮುಳ್ಳಿಲಿಯೇ ಇಲ್ಲ! ಉದ್ಯಾನದಲ್ಲಿ ಸಿಕ್ಕಿದ್ದು ಓಕ್ ಮರದ ಕೆಳಗೆ ಕಾಯಿ ಹೂಳುತ್ತಿದ್ದ ಅಳಿಲು. ಮರುದಿನ ತಾಯಿ ಚೌಕದಲ್ಲಿ ಮುಳ್ಳಿಲಿಯನ್ನು ಹೊಡೆದುಹಾಕಿ ಅಳಿಲನ್ನು ಬರೆದಳು. ಜರ್ಮನ್ ಭಾಷೆಯಲ್ಲಿ ಅದರ ಹೆಸರು ‘ಐಶ್‌ಹ್ಯೋರ್ನ್‌ಶೆನ್’. ಇಂಗ್ಲಿಷಿನವರು ಹೇಳಲು ಹೋಗಿ ನಾಲಗೆ ಕಚ್ಚಿಕೊಳ್ಳುವ ಪದ. ತಂದೆ ಮೂರು ಸಲ ಪ್ರಯತ್ನಿಸಿ ಸೋತದ್ದನ್ನು ಕಂಡ ಮಗಳು ಆ ಪದವನ್ನು ಇಡೀ ಸಂಜೆ ಗೆದ್ದ ಪದಕದಂತೆ ಧರಿಸಿಕೊಂಡು ತಿರುಗಿದಳು. ಬಿಟ್ಟುಬಂದ ದೇಶದ ಪಂಚಾಂಗವನ್ನು ಹೊಸ ದೇಶದ ಕಿಟಕಿಗೆ ತೂಗುಹಾಕಿದರೆ ಸಾಲದು. ಕಿಟಕಿಯ ಹೊರಗೆ ಕಾಣುವುದಕ್ಕೆ ಹೆಸರಿಡುವ ಶಕ್ತಿ ಮನೆಮಾತಿಗೆ ಇರಬೇಕು.

ಹಾಗೆಂದು ಹಳೆಯ ಪಂಚಾಂಗವನ್ನು ಎಸೆಯಬೇಕಾದದ್ದೂ ಇಲ್ಲ. ನವೆಂಬರ್ 11 ಸಂತ ಮಾರ್ಟಿನನ ದಿನ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಆ ಸೈನಿಕ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂಬುದು ಐತಿಹ್ಯ. ಜರ್ಮನಿಯಲ್ಲಿ ಮಕ್ಕಳು ತಾವೇ ಮಾಡಿದ ಕಾಗದದ ಕಂದೀಲು ಹಿಡಿದು ಹಾಡುತ್ತ ಮೆರವಣಿಗೆ ಹೋಗುತ್ತಾರೆ. ಅಡಿಗೆಮನೆಯ ಶಾಲೆಯಲ್ಲಿ ಹಳೆಯ ಹೊದಿಕೆಯೊಂದು ಮೇಲಂಗಿ, ಮರದ ಸೌಟು ಕತ್ತಿ, ತಮ್ಮ ಭಿಕ್ಷುಕ. ‘ಕಾಲ್ಟ್’ ಎಂದರೆ ಚಳಿ, ‘ವಾರ್ಮ್’ ಎಂದರೆ ಬೆಚ್ಚಗೆ, ‘ಹಾಲ್ಪ್’ ಎಂದರೆ ಅರ್ಧ, ‘ಟೈಲೆನ್’ ಎಂದರೆ ಹಂಚಿಕೊಳ್ಳುವುದು. ಕಡೆಯ ಪದದ ಅರ್ಥವನ್ನು ಅಕ್ಕ ಹೊದಿಕೆಯ ಮಟ್ಟಿಗೆ ಒಪ್ಪಿ, ಸಿಹಿರೊಟ್ಟಿಯ ವಿಷಯ ಬಂದಾಗ ಮರೆತದ್ದು ಬೇರೆ ಮಾತು. ಜಗಳವಾದರೂ ಅದು ಜರ್ಮನ್ ಭಾಷೆಯಲ್ಲಿಯೇ ಆಯಿತು!

ವ್ಯಾಕರಣವೂ ಹೀಗೆಯೇ ಮೇಜಿನ ಮೇಲೆ ಬರುತ್ತದೆ. ಕನ್ನಡದವರಿಗೆ ಚಮಚವೂ ಚಾಕುವೂ ನಪುಂಸಕವೇ. ಅವುಗಳ ಲಿಂಗದ ಚಿಂತೆಯಿಲ್ಲ. ಜರ್ಮನ್ ಭಾಷೆಯಲ್ಲಿ ಚಮಚ ಪುರುಷ, ಮುಳ್ಳುಚಮಚ ಸ್ತ್ರೀ, ಚಾಕು ನಪುಂಸಕ: ‘ಡೇರ್ ಲ್ಯೋಫೆಲ್’, ‘ಡೀ ಗಾಬೆಲ್’, ‘ಡಾಸ್ ಮೆಸರ್’. ದೊಡ್ಡವರಿಗೆ ಇದಕ್ಕೆ ಕಾರಣ ಹೇಳಲಾಗದು. ಆದರೆ ಊಟದ ವಸ್ತು ನಡೆಯುವ ವಾರ ದಿನಕ್ಕೆ ಮೂರು ಸಲ ತಟ್ಟೆಗಳ ಪಕ್ಕದಲ್ಲಿ ಅವನ್ನು ಜೋಡಿಸುವ ಮಗು ಕಾರಣ ಕೇಳುವುದಿಲ್ಲ. ಹೆಸರಿನೊಡನೆ ಅದರ ಲಿಂಗವನ್ನೂ ಒಂದೇ ತುತ್ತಾಗಿ ನುಂಗುತ್ತದೆ. ನಡುವೆ ಇಂಗ್ಲಿಷ್ ಶಬ್ದ ಬೆರೆತರೆ ಬಲ್ಲ ತಾಯಿ ಗದರುವುದಿಲ್ಲ. ಅದೇ ವಾಕ್ಯವನ್ನು ಸರಿಯಾಗಿ ತಾನಾಡಿ, ಕೇಳಿದ ವಸ್ತುವನ್ನು ಕೈಗಿತ್ತು ಮುಂದೆ ಸಾಗುತ್ತಾಳೆ. ತಿದ್ದಿಸಿಕೊಳ್ಳಬೇಕಾದ ಭಯವಿರುವ ಭಾಷೆಯನ್ನು ಮಗು ಬಹುಕಾಲ ಆಡದು.

ಇಷ್ಟೆಲ್ಲ ಮಾಡಿದರೂ ಯೋಜನೆಗೆ ಒಂದು ಮಿತಿಯಿದೆ. ಇಲಿನಾಯ್ ಸಂಸ್ಥಾನದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಲಿಯೊಪೋಲ್ಡ್ ಎಂಬ ಜರ್ಮನ್ ಮೂಲದ ಪ್ರಾಧ್ಯಾಪಕನಿದ್ದನು. 1930ರಲ್ಲಿ ಹುಟ್ಟಿದ ತನ್ನ ಮಗಳು ಹಿಲ್ಡೆಗಾರ್ಡಳೊಡನೆ ಅವನು ಜರ್ಮನ್ ಆಡಿದನು. ತಾಯಿ ಇಂಗ್ಲಿಷ್ ಆಡಿದಳು. ಮಗುವಿನ ನುಡಿಯನ್ನು ಬಿಡದೆ ಬರೆದಿಟ್ಟು, 1939ರಿಂದ 1949ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು. ತಂದೆ ಭಾಷಾವಿಜ್ಞಾನಿಯಾದರೂ, ಸುತ್ತಲ ಊರಿನ ಬಲಕ್ಕೆ ಮಗುವಿನ ಇಂಗ್ಲಿಷ್ ಮುಂದಾಗಿ ಜರ್ಮನ್ ಹಿಂದಾಯಿತು. ಐದನೆಯ ವಯಸ್ಸಿನ ಸುಮಾರಿಗೆ ಕೆಲವು ತಿಂಗಳು ಜರ್ಮನಿಯಲ್ಲಿದ್ದಾಗ ತಕ್ಕಡಿ ಥಟ್ಟನೆ ಆ ಕಡೆಗೆ ವಾಲಿತು. ನಾಲ್ಕು ಸಂಪುಟಗಳು ಸಾರುವ ಒಂದು ಮಾತಿದು: ಮಗುವಿನ ಭಾಷೆ ಗುರುವನ್ನು ಹಿಂಬಾಲಿಸುವುದಕ್ಕಿಂತ ಹೆಚ್ಚಾಗಿ ಜೊತೆಗಾರರನ್ನು ಹಿಂಬಾಲಿಸುತ್ತದೆ. ಅದಕ್ಕಾಗಿಯೇ ಆ ತಾಯಿ ಶುಕ್ರವಾರದ ಚೌಕದಲ್ಲಿ ಊರಿನ ಇನ್ನೆರಡು ಜರ್ಮನ್ ಮನೆಗಳ ಮಕ್ಕಳ ಹೆಸರು ಬರೆದು, ಕೆಳಗೆ ಏನನ್ನೂ ಬರೆಯದೆ ಖಾಲಿ ಬಿಡುತ್ತಾಳೆ. ಅಂದಿನ ಪಾಠವೆಲ್ಲ ಮಕ್ಕಳದ್ದೇ. ದೊಡ್ಡವರು ರೊಟ್ಟಿ ಸುಟ್ಟುಕೊಟ್ಟು ದೂರ ನಿಲ್ಲತಕ್ಕದ್ದು.

ಮ್ಯೂನಿಕ್ಕಿನಲ್ಲೋ ಬರ್ಲಿನ್ನಿನಲ್ಲೋ ನೆಲಸಿರುವ ಕನ್ನಡ ಸಂಸಾರಗಳಿಗೆ ಈ ಕಥೆ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತದೆ. ಅಲ್ಲಿ ಬೀದಿಯನ್ನು ಗೆದ್ದುಕೊಂಡದ್ದು ಜರ್ಮನ್. ಅಡಿಗೆಮನೆಯಲ್ಲಿ ಕಾಯಬೇಕಾದದ್ದು ಕನ್ನಡ. ಮುಳ್ಳಿಲಿಯನ್ನು ಕಂಡ ಮಗುವಿಗೆ ಅದರ ಕನ್ನಡ ಹೆಸರನ್ನು ಹೇಳಿಕೊಡಬೇಕಾದವಳು ಅಲ್ಲಿಯೂ ತಾಯಿಯೇ. ಭಾಷೆಗಳು ಸ್ಥಾನ ಬದಲಿಸುತ್ತವೆ. ಮೇಜು, ಕಾಗದ, ಚೌಕಗಳು ಬದಲಾಗುವುದಿಲ್ಲ.

ಇಂಥ ಶ್ರಮ ಫಲಿಸಿತೆಂದು ತಿಳಿಯುವುದು ಹೇಗೆ? ಪರೀಕ್ಷೆ ಮಾಡಿ ತಿಳಿಯುವಂಥದಲ್ಲ. ಪ್ರಶ್ನೆ ಕೇಳಿದರೆ ಮಗು ತಾಯಿಯನ್ನು ಮೆಚ್ಚಿಸಲು ಒಂದು ಉತ್ತರ ಹೇಳೀತು. ಕಿವಿಗೊಡಬೇಕಾದದ್ದು ಯಾರೂ ಕೇಳುತ್ತಿಲ್ಲವೆಂದು ಅದು ನಂಬಿರುವಾಗ. ಬಾಗಿಲ ಆಚೆ ಮಗು ತನ್ನ ಗೊಂಬೆಯನ್ನು ಸಾಲಾಗಿ ಕೂಡಿಸಿದ ಕುರ್ಚಿಗಳ ನಡುವೆ ಮಲಗಿಸಿ, ಹೊದಿಕೆ ಸರಿಪಡಿಸಿ, ನಿದ್ದೆ ಬಾರದ ಅದನ್ನು ಗದರುತ್ತದೆ. ಗದರಿದ ಮೇಲೆ ಮುದ್ದಾಡುತ್ತದೆ. ಆ ಗದರಿಕೆ, ಆ ಮುದ್ದು ಯಾವ ಭಾಷೆಯಲ್ಲಿ ಬಂದಿತೋ ಆ ಭಾಷೆ ಮಗುವಿನಲ್ಲಿ ಬೇರೂರಿತೆಂದು ತಿಳಿಯಬಹುದು. ಅಲ್ಲಿ ಆಡುತ್ತಿರುವ ಒಂದೊಂದು ಮಾತೂ, ಹೇಳಿದ ಧಾಟಿಯೂ ಸಹ, ತಾಯಿಯದೇ. ಆದರೆ ಅವಳ ಯೋಜನೆಯ ಯಾವ ಚೌಕದಲ್ಲಿಯೂ ಅದನ್ನು ಬರೆದಿರುವುದಿಲ್ಲ.