ಆಲಿಸ್ ಮರೆಯದ ಮಾತುಗಳು

ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ, ಗಾಲ್ವೆಸ್ಟನ್ ಕೊಲ್ಲಿಯಿಂದ ಕಾರ್ಪಸ್ ಕ್ರಿಸ್ಟಿ ಕೊಲ್ಲಿಯವರೆಗೆ ಕರಂಕಾವಾ ಎಂಬ ಜನರಿದ್ದರು. ಅವರ ವಿಷಯ ಓದುವಾಗೆಲ್ಲ ನನ್ನ ಮಗಳೂ ಪಕ್ಕದಲ್ಲಿ ಬಂದು ಕೂರುತ್ತಾಳೆ.

ಅವರದು ಬೇಸಾಯದ ಬದುಕಲ್ಲ. ಚಳಿಗಾಲದಲ್ಲಿ ಕಡಲ ದಡಕ್ಕೆ ಬರುತ್ತಿದ್ದರು. ಆಳವಿಲ್ಲದ ನೀರಿನಲ್ಲಿ ನಿಂತು ಬಾಣ ಬಿಟ್ಟು ಮೀನು ಹಿಡಿಯುತ್ತಿದ್ದರು, ಸಿಂಪಿ ಆಯುತ್ತಿದ್ದರು. ಬೇಸಿಗೆಯಲ್ಲಿ ಒಳನಾಡಿನ ಹುಲ್ಲುಗಾವಲಿಗೆ ಹೊರಡುತ್ತಿದ್ದರು. ಅಲ್ಲಿ ಜಿಂಕೆ, ಕಾಡೆಮ್ಮೆಗಳ ಬೇಟೆ, ಹಣ್ಣು, ಗೆಡ್ಡೆ. ಒಂದೇ ಮರದ ದಿಮ್ಮಿಯನ್ನು ಕೊರೆದ ದೋಣಿಯಲ್ಲಿ ಸಂಸಾರ, ಸಾಮಾನು ಎಲ್ಲವೂ ಸಾಗುತ್ತಿತ್ತು. ಅಲೆಗಳು ದಡಕ್ಕೆ ತಂದು ಹಾಕುವ ಡಾಂಬರಿನಂಥ ಅಂಟನ್ನು ಮಡಕೆಗಳಿಗೆ ಬಳಿಯುತ್ತಿದ್ದರು.

"ಹಾಗಾದ್ರೆ ಅವರಿಗೆ ಮನೆನೇ ಇರ್ಲಿಲ್ವಾ ಅಮ್ಮಾ?" ಎಂದಳು ಮಗಳು.

"ಎರಡಿತ್ತು ಪುಟ್ಟಿ. ಒಂದು ಕಡಲು, ಒಂದು ಬಯಲು" ಎಂದೆ.

1528ರಲ್ಲಿ ಕಬೇಸಾ ದೆ ವಾಕಾ ಎಂಬ ಸ್ಪೇನಿನವನೂ ಅವನ ಜೊತೆಗಾರರೂ ಆ ಕರಾವಳಿಯ ದ್ವೀಪವೊಂದಕ್ಕೆ ಬಂದು ಬಿದ್ದರು. ಅಲ್ಲಿನವರು ಕರಂಕಾವಾ ಜನರೇ ಇರಬೇಕೆಂದು ವಿದ್ವಾಂಸರು ನಂಬುತ್ತಾರೆ. ಅವರು ಅಪರಿಚಿತರಿಗೆ ಮೀನು, ಬೇರುಗಳನ್ನು ತಂದು ಕೊಟ್ಟರು. ದೋಣಿ ಮಗುಚಿ ಕೆಲವರು ಸತ್ತಾಗ ಪಕ್ಕದಲ್ಲಿ ಕೂತು ಗೋಳೋ ಎಂದು ಅತ್ತರು. ಇವರಷ್ಟು ಮಕ್ಕಳನ್ನು ಪ್ರೀತಿಸುವವರು ಬೇರೆಲ್ಲೂ ಇಲ್ಲವೆಂದು ಆತ ಬರೆದಿಟ್ಟಿದ್ದಾನೆ.

ಮುಂದೆ ಬಂದ ವಲಸಿಗರು ಅವರನ್ನು ನರಭಕ್ಷಕರೆಂದು ಕರೆದರು. 1820ರ ದಶಕದಿಂದ ನೆಲಕ್ಕಾಗಿ ಕೊಂದರು, ಓಡಿಸಿದರು. 1858ರ ಹೊತ್ತಿಗೆ ಕರಂಕಾವಾ ಜನ ಮುಗಿದುಹೋದರೆಂದು ಚರಿತ್ರೆ ಬರೆದುಕೊಂಡಿತು.

ಆದರೆ ಅವರ ಮಾತು ಅಷ್ಟಿಷ್ಟು ಉಳಿದಿತ್ತು, ಅದೂ ಬೇರೆಯವರ ಮನೆಯ ಹುಡುಗಿಯೊಬ್ಬಳ ಬಾಯಲ್ಲಿ! ಆಲಿಸ್ ಆಲಿವರ್ ಎಂಬಾಕೆ ಬಾಲ್ಯದಲ್ಲಿ ಮಾಟಗೋರ್ಡಾ ಕೊಲ್ಲಿಯ ದಡದಲ್ಲಿದ್ದಳು. ನೆರೆಯ ಕರಂಕಾವಾ ಜನರಿಂದ ಅವರ ಭಾಷೆ ಕಲಿತಿದ್ದಳು. 1888ರಲ್ಲಿ, ವಯಸ್ಸಾದ ಮೇಲೆ, ನೆನಪಿದ್ದ ಪದಗಳನ್ನೆಲ್ಲ ಆಲ್ಬರ್ಟ್ ಗ್ಯಾಚೆಟ್ ಎಂಬ ಭಾಷಾತಜ್ಞನಿಗೆ ಹೇಳಿದಳು. 1891ರಲ್ಲಿ ಅವು ಪುಸ್ತಕವಾದವು. ಇಂದು ತಾವು ಆ ಕುಲದವರೆನ್ನುವ ಕೆಲವರು 'ಕರಂಕಾವಾ ಕಡ್ಲಾ' ಎಂಬ ಹೆಸರಿನಲ್ಲಿ ಮತ್ತೆ ಒಂದಾಗಿದ್ದಾರೆ. ಹಿರಿಯರ ಭಾಷೆ ಕಲಿಯಲು ಅವರಿಗೆ ಅಂಥ ಪಟ್ಟಿಗಳೇ ಆಸರೆ.

ಇದನ್ನು ಓದಿದ ಮೇಲೆ ಮಗಳು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಅಜ್ಜಿ ಆಡುವ, ತನಗೆ ಗೊತ್ತಿಲ್ಲದ ಮಾತುಗಳನ್ನೆಲ್ಲ ಅದರಲ್ಲಿ ಬರೆಯುತ್ತಾಳೆ. ಅದರಲ್ಲಿ ಎಷ್ಟೋ ಮಾತು ನನಗೂ ಮರೆತುಹೋಗಿತ್ತು. ಮಕ್ಕಳೇ, ನಿಮ್ಮ ಅಜ್ಜಿಯನ್ನೂ ಇವತ್ತೇ ಕೇಳಿ ನೋಡಿ.